ಸವರಿಮುತ್ತು ಊಟಕ್ಕೆ ಬಾರದ ದಿನಗಳು

ನನ್ನ ತಂಗಿಯ ಮಗಳು ಈಗ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಮ್ಯಾನೇಜರ್ ಆಗಿ ಸೇರಿದ್ದಾಳೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು. "ಮಾವ, ಅಷ್ಟು ವರ್ಷ ಮದ್ರಾಸಲ್ಲಿ ಇದೇ ಕೆಲಸ ಮಾಡಿದ್ದೀಯಲ್ಲ, ನನಗೂ ಏನಾದ್ರೂ ಹೇಳಿಕೊಡು" ಅಂದಳು. ಏನು ಹೇಳಿಕೊಡಲಿ? ನೂರು ಜನಕ್ಕೆ ಎಷ್ಟು ಅಕ್ಕಿ ನೆನೆಹಾಕಬೇಕು ಅನ್ನೋದು ಅವಳ ಫೋನಲ್ಲೇ ಇದೆ. ನನ್ನ ಹತ್ತಿರ ಇರೋದು ನಾನು ಮಾಡಿದ ಎಡವಟ್ಟುಗಳು ಮಾತ್ರ. ಅದರಲ್ಲಿ ಒಂದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ. ಬರೆಯೋಕೆ ಕೂತರೆ ಕೈ ಹಿಂದೇಟು ಹಾಕುತ್ತೆ. ಆದರೂ ಬರೀತೀನಿ, ಓದಿಕೊಳ್ಳಲಿ.

ನಾನು ರುದ್ರಪ್ಪ, ಗುಂಡ್ಲುಪೇಟೆ ಕಡೆಯವನು, ಲಿಂಗಾಯತರ ಮನೆ. ಹೆಂಡತಿ ಅಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರು. ರಾಜ್ಯ ದಾಟಿ ವರ್ಗ ಮಾಡಿಸಿಕೊಳ್ಳೋ ಕೆಲಸ ಅಲ್ಲ ಅದು. ಹಾಗಾಗಿ ಅವಳು ಮಗಳನ್ನ ಇಟ್ಟುಕೊಂಡು ಅಲ್ಲಿ, ನಾನು ಮದ್ರಾಸಿನ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನ ಪಕ್ಕ ಸೈಕಲ್ ಶಾಪ್ ಮೇಲಿನ ಒಂದು ರೂಮಲ್ಲಿ. ಭಾನುವಾರ ಸಾಯಂಕಾಲ ಎಸ್‌ಟಿಡಿ ಬೂತಿನ ಮುಂದೆ ಕ್ಯೂ ನಿಂತು ಹತ್ತು ನಿಮಿಷ ಮಾತಾಡಿದರೆ ಆ ವಾರದ ಕನ್ನಡ ಮುಗೀತು. ಮಗಳು ಲೈನಿಗೆ ಬಂದು "ಅಪ್ಪಾ, ಊಟ ಆಯ್ತಾ?" ಅಂತ ಕೇಳೋಳು. ದಿನಕ್ಕೆ ಆರುನೂರು ಜನಕ್ಕೆ ಊಟ ಹಾಕಿಸೋ ನಾನು, ಆಯ್ತಮ್ಮ ಅಂದು ಅವಳ ಲೆಕ್ಕದ ಮಾರ್ಕ್ಸು ಕೇಳ್ತಿದ್ದೆ.

ತೊಂಬತ್ತರ ದಶಕದ ಕೊನೇಲಿ ಕ್ಯಾಂಟೀನ್ ಸೂಪರ್‌ವೈಸರ್ ಆಗಿ ಸೇರಿದ್ದು. ಲಾರಿಗಳಿಗೆ ಗೇರ್ ಚಕ್ರ ತಯಾರಿಸೋ ಕಾರ್ಖಾನೆ. ಮೊದಲ ವಾರವೇ ನನ್ನ ಮಾನ ಹೋಯ್ತು. ನಮ್ಮ ಕಡೆ ಸಾಂಬಾರಿಗೆ ಚೂರು ಬೆಲ್ಲ ಬೀಳಲೇಬೇಕಲ್ಲ. ಅಡುಗೆ ಮೇಸ್ತ್ರಿ ಬೇಡ ಸಾರ್, ಬೇಡ ಸಾರ್ ಅಂದರೂ ಕೇಳದೆ ಕೊಪ್ಪರಿಗೆಗೆ ಎರಡು ಅಚ್ಚು ಬೆಲ್ಲ ಹಾಕಿಸಿದೆ. ಊಟದ ಹೊತ್ತಿಗೆ ಇಡೀ ಶಿಫ್ಟು ತಟ್ಟೆ ಮುಂದಕ್ಕೆ ತಳ್ಳಿ ಕೂತುಬಿಡ್ತು. ಯೂನಿಯನ್‌ನವರು ಪರ್ಸನೆಲ್ ಮ್ಯಾನೇಜರ್ ರೂಮಿಗೆ ಒಂದು ಬಟ್ಟಲು ಸಾಂಬಾರ್ ತಗೊಂಡು ಹೋಗಿ, "ಇದು ಸಾಂಬಾರೋ ಪಾಯಸವೋ, ನೀವೇ ಕುಡಿದು ಹೇಳಿ" ಅಂತ ಮೇಜಿನ ಮೇಲೆ ಇಟ್ಟರಂತೆ. ಮ್ಯಾನೇಜರ್ ರಾಘವನ್ ಅಂತ. ಕೂಗಾಡೋ ಮನುಷ್ಯ ಅಲ್ಲ. ಕನ್ನಡಕ ತೆಗೆದು ಒರೆಸ್ತಾ ಒರೆಸ್ತಾ ಮಾತಾಡೋರು, ಅದೇ ನಮಗೆಲ್ಲ ಭಯ. "ಮಿಸ್ಟರ್ ರುದ್ರಪ್ಪ, ನಿಮ್ಮ ನಾಲಿಗೆಗೆ ಅಡುಗೆ ಮಾಡಿಸಬೇಡಿ" ಅಂದರು. ಅವರ ಎಷ್ಟೋ ಮಾತು ನನಗೆ ಸೇರ್ತಿರಲಿಲ್ಲ, ಇದೊಂದು ಮಾತ್ರ ಸರಿಯಾಗಿತ್ತು.

ಆಗ ತಾನೇ ಸೌದೆ ಒಲೆ ತೆಗೆದು ಸ್ಟೀಮಲ್ಲಿ ಬೇಯಿಸೋ ಪಾತ್ರೆ ತಂದಿದ್ದರು. ಗುಂಡಿ ಒತ್ತಿದರೆ ಅನ್ನ ಆಗುತ್ತೆ. ಮೇಸ್ತ್ರಿ ಆ ದೊಡ್ಡ ದೊಡ್ಡ ಪಾತ್ರೆಗಳನ್ನ ಕೊನೆವರೆಗೂ "ಮಿಷಿನ್ನು" ಅಂತಲೇ ಕರೆದ, ಪಾತ್ರೆ ಅನ್ನೋಕೆ ಅವನಿಗೆ ಬಾಯಿ ಬರಲಿಲ್ಲ. ಇನ್ನು ಊಟಕ್ಕೆ ಕೂಪನ್ನು. ಪರ್ಮನೆಂಟ್ ಕೆಲಸಗಾರರಿಗೆ ತಿಂಗಳಿಗೊಂದು ಕೂಪನ್ ಪುಸ್ತಕ, ಪ್ರತಿ ಹಾಳೆ ಮೇಲೂ ಅವರವರ ಟೋಕನ್ ನಂಬರು. ಹರಿದು ಕೌಂಟರಿನ ತಗಡಿನ ಡಬ್ಬಿಗೆ ಹಾಕಿ ತಟ್ಟೆ ತಗೋಬೇಕು. ಒಬ್ಬರದು ಇನ್ನೊಬ್ಬರು ಹಾಕೋ ಹಾಗಿಲ್ಲ. ಲೋಡಿಂಗ್ ಮಾಡೋರು, ಕಸ ಗುಡಿಸೋರು, ಇಂಥ ಕಾಂಟ್ರಾಕ್ಟ್ ಆಳುಗಳಿಗೆ ಕೂಪನ್ನೇ ಇಲ್ಲ. ಅವರು ಗೋಡೆ ಆಚೆ ಬೇವಿನ ಮರದ ಕೆಳಗೆ ಮನೆಯಿಂದ ತಂದದ್ದು ತಿನ್ನೋರು. ತರದೇ ಇದ್ದ ದಿನ ನೀರು ಕುಡಿದು ಟವೆಲ್ ಹಾಸಿ ಮಲಗೋರು. ಹೊಸದರಲ್ಲಿ ಅವರು ನನ್ನ ಕಣ್ಣಿಗೇ ಬೀಳ್ತಿರಲಿಲ್ಲ. ನನ್ನ ಕಣ್ಣೇನಿದ್ದರೂ ತಟ್ಟೆ ಮೇಲೆ.

ಕ್ಯಾಂಟೀನ್ ಸೂಪರ್‌ವೈಸರ್ ಎಲ್ಲರದೂ ಆದ ಮೇಲೆ ಉಣ್ಣಬೇಕು ಅಂತ ನಿಯಮ. ಎರಡೂಕಾಲಿಗೆ ಊಟದ ಹಾಲ್ ಖಾಲಿ. ಆರುನೂರು ಜನ ಎದ್ದು ಹೋದ ಬೆಂಚುಗಳ ನಡುವೆ ನಾನೊಬ್ಬ ತಟ್ಟೆ ಇಟ್ಟುಕೊಂಡು ಕೂರಬೇಕು. ಆ ಸದ್ದಿಲ್ಲದ ಹಾಲ್‌ನಲ್ಲಿ ನಾನು ಅಗಿಯೋದು ನನಗೇ ಕೇಳಿಸ್ತಿತ್ತು. ಮೊದಲ ಆರು ತಿಂಗಳು ಎಷ್ಟೋ ದಿನ ಅರ್ಧಕ್ಕೆ ಎದ್ದುಬಿಟ್ಟಿದ್ದೀನಿ.

ಹಾಗಿರುವಾಗ ಶಿಫ್ಟ್ ಬದಲಾಗಿ ಸವರಿಮುತ್ತು ಆ ಹೊತ್ತಿಗೆ ಊಟಕ್ಕೆ ಬರೋಕೆ ಶುರು ಮಾಡಿದರು. ಫರ್ನೇಸ್ ಸೆಕ್ಷನ್ನಿನ ಆಪರೇಟರು, ನನಗಿಂತ ಎರಡು ವರ್ಷ ದೊಡ್ಡವರು. ಗೇರ್ ಚಕ್ರಗಳನ್ನ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದೋ ಕೆಲಸ. ಬದಲಿ ಆಳು ಬರೋವರೆಗೂ ಆ ಬೆಂಕಿ ಬಿಟ್ಟು ಬರೋ ಹಾಗಿಲ್ಲ. ಹಾಗಾಗಿ ಅವರ ಊಟವೂ ಎರಡೂಕಾಲಿಗೆ. ಮೊದಲ ದಿನವೇ ತಟ್ಟೆ ತಗೊಂಡು ಬಂದು ಸೀದಾ ನನ್ನ ಎದುರಿಗೆ ಕೂತರು. ತಮಿಳಲ್ಲಿ ಕೇಳಿದರು: "ಏನ್ ಸಾರ್, ಒಬ್ಬರೇ ಕೂತಿದ್ದೀರ, ಯಾರ ಮೇಲಾದ್ರೂ ಕೋಪಾನಾ?" ಅವರ ಮಾತೆಲ್ಲ ತಮಿಳೇ, ನಾನು ಇಲ್ಲಿ ನನ್ನ ಭಾಷೆಗೆ ತಿರುಗಿಸಿಕೊಂಡಿದ್ದೀನಿ. ತಿರುವೊಟ್ಟಿಯೂರಿನಿಂದ ಎರಡು ಬಸ್ ಹಿಡಿದು ಬರೋ ಮನುಷ್ಯ, ಕ್ರಿಶ್ಚಿಯನ್ನರು. ಅವತ್ತಿನಿಂದ ನನಗೆ ಊಟ ರುಚಿಸೋಕೆ ಶುರುವಾಯ್ತು. ಏನು ಮಾತಾಡ್ತಿದ್ವಿ ಅಂದರೆ ಏನೂ ಇಲ್ಲ. ಅವರ ಮಗಳಿಗೆ ಗಂಡು ನೋಡೋದು, ನನ್ನ ಮಗಳ ಲೆಕ್ಕದ ಮಾರ್ಕ್ಸು, ಬಸ್ಸು, ಬಿಸಿಲು. ಸಾಕಾಗಿತ್ತು ಅಷ್ಟು.

ಮುಂದಿನ ಫೆಬ್ರವರಿಯಲ್ಲಿ ಒಂದು ಬುಧವಾರ ಹಣೆಯಲ್ಲಿ ಬೂದಿ ಇಟ್ಟುಕೊಂಡು ಬಂದರು. ನಾನು ದಿನಾ ಮೂರು ಪಟ್ಟೆ ಎಳೆಯೋನು. ಖುಷಿಯಾಗಿ, "ಅರೆ, ನಿಮಗೂ ವಿಭೂತಿ ಇದೆಯಾ?" ಅಂತ ಬಾಯಿ ಬಿಟ್ಟೆ. "ನೀವು ದಿನಾ ಹಚ್ತೀರ ಸಾರ್, ನಮಗೆ ವರ್ಷಕ್ಕೊಂದು ದಿನ. ನೀನು ಮಣ್ಣು, ನೆನಪಿರ್ಲಿ ಅಂತ ಫಾದರ್ ಹಚ್ಚಿ ಕಳಿಸ್ತಾರೆ" ಅಂತ ನಕ್ಕರು. ಅದು ಅವರ ತಪಸ್ಸುಕಾಲದ ಮೊದಲ ದಿನವಂತೆ. ಅಲ್ಲಿಂದ ಈಸ್ಟರ್‌ವರೆಗೆ ಭಾನುವಾರ ಬಿಟ್ಟು ನಲವತ್ತು ದಿನ. ಮಾರನೇ ದಿನ ಅವರು ಊಟಕ್ಕೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ವಿಚಾರಿಸಿದರೆ ಮಧ್ಯಾಹ್ನದ ಊಟ ಬಿಟ್ಟಿದ್ದಾರೆ, ಬೆಳಿಗ್ಗೆ ಒಂದು ಲೋಟ ಗಂಜಿ ಕುಡಿದು ಆ ಬೆಂಕಿ ಮುಂದೆ ನಿಲ್ತಾರೆ ಅಂತ ಗೊತ್ತಾಯ್ತು. ಅವರ ಥರಾ ಇನ್ನೂ ಆರು ಜನ ಇದ್ದಾರಂತೆ ಕಾರ್ಖಾನೆಯಲ್ಲಿ.

ನನ್ನ ಎದುರಿನ ಬೆಂಚು ಮತ್ತೆ ಖಾಲಿ. ನಿಜ ಹೇಳ್ತೀನಿ, ನನಗೆ ಅವರ ಹಸಿವಿನ ಚಿಂತೆ ಇರಲಿಲ್ಲ, ನನ್ನ ಒಂಟಿತನದ್ದಿತ್ತು. ಏನು ಮಾಡಿದರೆ ಈ ಮನುಷ್ಯ ವಾಪಸ್ ಬಂದು ಕೂರ್ತಾರೆ ಅಂತ ತಲೆ ಕೆಡಿಸಿಕೊಂಡೆ. ನಮ್ಮ ಮನೆಯಲ್ಲಿ ಶಿವರಾತ್ರಿ ಉಪವಾಸ ಅಂದರೆ ಗೊತ್ತಲ್ಲ, ಊಟಕ್ಕಿಂತ ಫಲಾಹಾರವೇ ಜಾಸ್ತಿ. ಅವ್ವ ಅವಲಕ್ಕಿ, ರಸಾಯನ, ತಂಬಿಟ್ಟು, ಕೋಸಂಬರಿ ಅಂತ ಸಾಲಾಗಿ ಇಡೋಳು. ನಾವು ಹುಡುಗರು ಉಪವಾಸ ಯಾವಾಗ ಬರುತ್ತೋ ಅಂತ ಕಾಯ್ತಿದ್ದೆವು. ಅದೇ ಬುದ್ಧಿ ಓಡ್ತು ನನಗೆ. ಹಾಲ್‌ನ ಮೂಲೆಯಲ್ಲಿ ಒಂದು ಟೇಬಲ್ ಹಾಕಿಸಿ, ಬಿಳಿ ಬಟ್ಟೆ ಹಾಸಿ, ಬಾಳೆಹಣ್ಣು, ಕರಬೂಜದ ರಸಾಯನ, ಅವಲಕ್ಕಿ, ಮಜ್ಜಿಗೆ ಇಡಿಸಿದೆ. "ಉಪವಾಸ ಇರುವ ಕ್ರೈಸ್ತ ಸಹೋದರರಿಗೆ" ಅಂತ ತಮಿಳಲ್ಲಿ ದೊಡ್ಡದಾಗಿ ಬೋರ್ಡ್ ಬರೆಸಿದೆ. ಮ್ಯಾನೇಜರ್ ಬಂದು ನೋಡಿ "ಗುಡ್ ಗೆಸ್ಚರ್" ಅಂದರು. ನಾನು ಎದೆ ಉಬ್ಬಿಸಿಕೊಂಡು ಕಾದೆ.

ಒಬ್ಬನೂ ಬರಲಿಲ್ಲ. ಮಿಕ್ಕವರು ಊಟ ಮಾಡ್ತಾ "ಯಾರಪ್ಪ ಅದು ನಮ್ಮಲ್ಲಿ ಸನ್ಯಾಸಿ?" ಅಂತ ಕತ್ತು ತಿರುಗಿಸಿ ತಿರುಗಿಸಿ ನೋಡ್ತಿದ್ದರು. ಆ ಆರು ಜನರಲ್ಲಿ ಇಬ್ಬರು ಗುರುತು ಸಿಕ್ಕೀತು ಅಂತ ಹೆದರಿ ಮಾಮೂಲಿ ಸಾಲಿನಲ್ಲಿ ನಿಂತು ಅನ್ನವನ್ನೇ ಉಂಡುಬಿಟ್ಟರು. ಅವರ ಉಪವಾಸ ನಾನೇ ಮುರಿಸಿದ ಹಾಗಾಯ್ತು. ಎರಡೂಕಾಲಿಗೆ ಸವರಿಮುತ್ತು ಬಂದರು. ನನ್ನ ಮುಖ ಅರಳ್ತು. ಅವರು ಸೀದಾ ಹೋಗಿ ಬೋರ್ಡ್ ಕಳಚಿ, ಬರಹ ಕೆಳಗೆ ಮಾಡಿ ಟೇಬಲ್ ಮೇಲಿಟ್ಟರು.

"ನಿಮಗೋಸ್ಕರವೇ ಮಾಡ್ಸಿದ್ದು ಕಣ್ರೀ" ಅಂದೆ, ನನಗೂ ಸಿಟ್ಟು ಬಂದಿತ್ತು.

"ಗೊತ್ತು ಸಾರ್, ಮನಸ್ಸು ಒಳ್ಳೇದೇ. ಆದ್ರೆ ನಮ್ಮಲ್ಲಿ ಉಪವಾಸ ಇರೋನು ತಲೆ ಬಾಚಿ, ಮುಖ ತೊಳ್ಕೊಂಡು, ಉಂಡವನ ಥರಾ ಓಡಾಡಬೇಕು. ಪಕ್ಕದವನಿಗೂ ಗೊತ್ತಾಗಬಾರದು."

"ನಮ್ಮಲ್ಲಿ ಇಡೀ ಊರಿಗೇ ಗೊತ್ತಿರುತ್ತಪ್ಪ."

"ನಿಮ್ಮದು ಹಬ್ಬ ಸಾರ್. ಇದು ಔಷಧಿ. ಗಾಯಕ್ಕೆ ಮುಲಾಮು ಹಾಕಿ ಕಟ್ಟಿದ ಮೇಲೆ, ಬೀದೀಲಿ ನಿಂತು ಬಿಚ್ಚಿ ಬಿಚ್ಚಿ ತೋರಿಸಿದ್ರೆ ವಾಸಿ ಆಗುತ್ತಾ?"

ಯಾವ ಗಾಯ ಅಂತ ನಾನು ಕೇಳಲಿಲ್ಲ. ಬಾಳೆಹಣ್ಣೆಲ್ಲ ಸಂಜೆಗೆ ಕಪ್ಪಾಯ್ತು. ಈಸ್ಟರ್ ಕಳೆದ ಮೇಲೆ ಅವರು ಮತ್ತೆ ಎದುರಿಗೆ ಬಂದು ಕೂತರು, ನಾನೂ ಬೋರ್ಡಿನ ವಿಷಯ ಎತ್ತಲಿಲ್ಲ.

ಮರುವರ್ಷ ಆ ಬುಧವಾರದ ಹಿಂದಿನ ದಿನ, ಉಣ್ಣುವಾಗ ಅವರೇ ಬಾಯಿಬಿಟ್ಟರು. "ಐದು ವರ್ಷದಿಂದ ನಾನು ಪರಮಪ್ರಸಾದ, ಏಸುವಿನ ದೇಹ ಅಂತ ಫಾದರ್ ಕೊಡೋ ರೊಟ್ಟಿ, ತಗೊಂಡಿಲ್ಲ ಸಾರ್. ಭಾನುವಾರ ಪೂಜೆಯಲ್ಲಿ ಎಲ್ಲರೂ ಸಾಲಾಗಿ ಎದ್ದು ಹೋಗ್ತಾರೆ, ಹೆಂಡ್ತಿ, ಮಗಳು, ಎಲ್ಲರೂ. ನಾನೊಬ್ಬ ಬೆಂಚಲ್ಲಿ ಕೂತಿರ್ತೀನಿ."

"ಯಾಕೆ, ಯಾರು ಬೇಡ ಅಂದ್ರು?"

"ಯಾರೂ ಅಂದಿಲ್ಲ. ಒಬ್ಬನ ಮೇಲೆ ಹೊಟ್ಟೇಲಿ ವಿಷ ಇಟ್ಕೊಂಡು ಕೈ ಹೇಗೆ ಚಾಚಲಿ?"

ನಾನು ಸೇರೋಕೆ ಮುಂಚೆ ಅವರ ಫರ್ನೇಸಿನಲ್ಲಿ ಒಬ್ಬ ಹೆಲ್ಪರ್ ಇದ್ದನಂತೆ. ಅವನು ತೂಕಡಿಸಿ ಒಂದು ಲೋಡು ಗೇರ್ ಚಕ್ರ ಸುಟ್ಟುಹೋಯ್ತು. ವಿಚಾರಣೆಯಲ್ಲಿ, "ಸವರಿಮುತ್ತು ಟೀಗೆ ಹೋಗಿದ್ರು, ಅದಕ್ಕೇ ಹೀಗಾಯ್ತು" ಅಂತ ಹೇಳಿಬಿಟ್ಟ. ಇವರಿಗೆ ಒಂದು ತಿಂಗಳು ಸಸ್ಪೆನ್ಷನ್. ಅದೇ ಸಮಯಕ್ಕೆ ಮಗಳಿಗೆ ಗೊತ್ತಾಗಿದ್ದ ಗಂಡಿನ ಕಡೆಯವರು, ಅಪ್ಪ ಸಸ್ಪೆಂಡ್ ಆದವನು ಅಂತ ಮಾತು ಮುರಿದುಕೊಂಡರು. ಇಷ್ಟು ಹೇಳಿದರು, ಹೆಸರು ಹೇಳಲಿಲ್ಲ.

"ಫಾದರ್ ಹತ್ರ ಪಾಪ ಹೇಳ್ಕೊಂಡೆ. ಕ್ಷಮಿಸೋಕೆ ಆಗ್ತಿಲ್ಲ ಅಂದೆ. ಅವರು ನಲವತ್ತು ದಿನಕ್ಕೆ ಒಂದು ಕೆಲಸ ಕೊಟ್ಟಿದ್ದಾರೆ ಸಾರ್. ಸರಿಯಾಗಿ ಮುಗಿಸಿದ್ರೆ ಈ ಈಸ್ಟರಿಗೆ ನಾನೂ ಎದ್ದು ಹೋಗಬಹುದು."

"ಏನು ಕೆಲಸ?"

"ಹೇಳಿದ್ರೆ ಕೆಟ್ಟುಹೋಗುತ್ತೆ" ಅಂತ ಕೈ ತೊಳೆಯೋಕೆ ಎದ್ದರು. ಹೋಗುವಾಗ ಅವರ ಮುಖದಲ್ಲಿ ಒಂಥರಾ ಆಸೆ ಇತ್ತು. ಪರೀಕ್ಷೆಗೆ ಕೂರೋ ಮಕ್ಕಳ ಮುಖದಲ್ಲಿ ಇರುತ್ತಲ್ಲ, ಹಾಗೆ.

ಮತ್ತೆ ಬೆಂಚು ಖಾಲಿಯಾಯ್ತು. ಸರಿ, ಈ ಸಲ ಬಾಯಿ ಮುಚ್ಚಿಕೊಂಡು ಒಬ್ಬನೇ ಉಣ್ಣೋದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಮೂರು ವಾರ ಕಳೆದಿರಬೇಕು. ಮ್ಯಾನೇಜರ್ ಕರೆದರು. ಕನ್ನಡಕ ಒರೆಸ್ತಾ, "ಹೊರಗಿನವರು ಯಾರೋ ನಮ್ಮ ಕೂಪನ್ ಹಾಕಿ ಉಣ್ತಿದ್ದಾರೆ ಅಂತ ದೂರು ಬಂದಿದೆ. ನಿಮ್ಮ ಕಣ್ಣು ಎಲ್ಲಿದೆ ರುದ್ರಪ್ಪ?" ಅಂದರು. ಮೈಯೆಲ್ಲ ಉರಿದುಹೋಯ್ತು. ನನ್ನ ಕಣ್ಣಿನ ಬಗ್ಗೆ ನನಗೆ ಬಲು ಜಂಬ. ಅವತ್ತು ಸಂಜೆ ಡಬ್ಬಿ ಮೇಜಿನ ಮೇಲೆ ಸುರಿದು ಒಂದೊಂದೇ ಕೂಪನ್ ನೋಡಿದೆ. ಸವರಿಮುತ್ತು ನಂಬರಿನ ಕೂಪನ್ ಸಿಕ್ತು. ಮಾರನೇ ದಿನದ ಡಬ್ಬಿಯಲ್ಲೂ ಇತ್ತು. ಮನುಷ್ಯ ಹಸಿದುಕೊಂಡು ಬೆಂಕಿ ಮುಂದೆ ನಿಂತಿದ್ದಾನೆ, ಯಾವನೋ ಅವನ ಕೂಪನ್ ಕದ್ದು ಹೊಟ್ಟೆತುಂಬ ತಿಂತಿದ್ದಾನೆ! ಹೋಗಿ ಸವರಿಮುತ್ತುವನ್ನ ಒಂದು ಮಾತು ಕೇಳಬಹುದಿತ್ತು. ಐವತ್ತು ಹೆಜ್ಜೆ ದೂರದಲ್ಲಿ ಅವರ ಶೆಡ್ಡು. ಕೇಳಲಿಲ್ಲ. ಕಳ್ಳನನ್ನ ಹಿಡಿದು ಅವರ ಮುಂದೆ ನಿಲ್ಲಿಸಬೇಕು, ಮ್ಯಾನೇಜರ್ ಮುಂದೆಯೂ ಹೆಸರು ಬರಬೇಕು, ಎರಡೂ ಆಸೆ.

ಮೂರನೇ ದಿನ ಡಬ್ಬಿ ಪಕ್ಕದಲ್ಲೇ ನಿಂತೆ. ಒಂದು ಗಂಟೆಯ ಸಾಲಿನಲ್ಲಿ ಒಬ್ಬ ಬಂದ. ತಲೆಗೆ ಟವೆಲ್ಲು, ಸೊರಗಿದ ಮೈ, ಲೋಡಿಂಗ್‌ನವನು. ಕೂಪನ್ ಹಾಕಿ ತಟ್ಟೆ ತಗೊಂಡ. ಡಬ್ಬಿಯಿಂದ ಮೇಲಿನದು ಎತ್ತಿ ನೋಡಿದೆ, ಅದೇ ನಂಬರು. ಅವನ ರಟ್ಟೆ ಹಿಡಿದು, "ಕಳ್ಳ ನನ್ ಮಗನೇ, ಯಾರದೋ ಇದು ಕೂಪನ್ನು?" ಅಂತ ಕೂಗಿದೆ. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ತಟ್ಟೆ ಜಾರಿ ಅನ್ನ ನೆಲದ ಪಾಲಾಯ್ತು.

"ಕದ್ದಿಲ್ಲ ಸಾರ್, ದಿನಾ ನನ್ನ ಶರ್ಟ್ ಜೇಬಲ್ಲಿ ಇರುತ್ತೆ. ಮೊಳೆಗೆ ನೇತು ಹಾಕಿರ್ತೀನಿ, ಯಾರು ಇಡ್ತಾರೋ ಗೊತ್ತಿಲ್ಲ. ಕಾಂಟ್ರಾಕ್ಟರ್ ಏರ್ಪಾಡು ಅನ್ಕೊಂಡೆ" ಅಂತ ಅವನು ಹೇಳಿದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಥೂ, ಆ ನಗು ಇವತ್ತಿಗೂ ನೆನಪಾದರೆ ಕಪಾಳಕ್ಕೆ ಹೊಡ್ಕೋಬೇಕು ಅನ್ನಿಸುತ್ತೆ.

ಮ್ಯಾನೇಜರ್ ರೂಮಿಗೆ ಎಳೆದುಕೊಂಡು ಹೋದೆ. ಹೆಸರು ಕೇಳಿದರೆ ಪೆರುಮಾಳ್ ಅಂದ. ಮೊದಲು ಇಲ್ಲೇ ಪರ್ಮನೆಂಟ್ ಇದ್ದೋನು, ಕುಡಿದು ಕುಡಿದು ಕೆಲಸ ಕಳ್ಕೊಂಡು ಈಗ ಕಾಂಟ್ರಾಕ್ಟಲ್ಲಿ ಬಂದಿದ್ದಾನೆ ಅಂತ ಮ್ಯಾನೇಜರಿಗೆ ಗುರುತು ಸಿಕ್ತು. ಯಾವ ಸೆಕ್ಷನ್ನಲ್ಲಿ ಇದ್ದ ಅಂದೆ. "ಫರ್ನೇಸ್" ಅಂದರು. ಆಗ, ಆಗ ನನಗೆ ಹೊಳೀತು. ಸವರಿಮುತ್ತು ಹೆಸರು ಹೇಳದೆ ಬಿಟ್ಟ ಆ ಹೆಲ್ಪರ್ ಇವನೇ. ಅಷ್ಟರಲ್ಲಿ ಸವರಿಮುತ್ತುಗೆ ಹೇಳಿ ಕಳಿಸಿ ಆಗಿತ್ತು.

ಅವರು ಬಂದು ಬಾಗಿಲಲ್ಲಿ ನಿಂತರು. ಪೆರುಮಾಳನ್ನ ನೋಡಿದರು, ನನ್ನನ್ನ ನೋಡಿದರು.

"ಈ ಮನುಷ್ಯ ನಿಮ್ಮ ಕೂಪನ್ ಕದ್ದಿದ್ದಾನಾ?" ಮ್ಯಾನೇಜರ್ ಕೇಳಿದರು.

ಹೌದು ಅಂದಿದ್ದರೆ ಗುಟ್ಟು ಗುಟ್ಟಾಗೇ ಉಳೀತಿತ್ತು, ಪೆರುಮಾಳ್ ಪೊಲೀಸ್ ಸ್ಟೇಷನ್ನಿಗೆ ಹೋಗ್ತಿದ್ದ. ಸವರಿಮುತ್ತು ಒಳಗೆ ಬಂದು ಪೆರುಮಾಳ್ ಪಕ್ಕದಲ್ಲಿ ನಿಂತರು.

"ಇಲ್ಲ ಸಾರ್. ನಾನೇ ಇಟ್ಟೆ."

ಪೆರುಮಾಳ್ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದ. "ನೀವಾ ಅಣ್ಣ?" ಅಂದ. ಮ್ಯಾನೇಜರ್ ಹೋಗು ಅನ್ನೋದಕ್ಕೂ ಕಾಯದೆ ರೂಮಿಂದ ಆಚೆ ಹೋದ. ಹಾಗೇ ಗೇಟಿನಿಂದಲೂ ಆಚೆ ಹೋಗಿಬಿಟ್ಟ ಅಂತ ವಾಚ್‌ಮನ್ ಆಮೇಲೆ ಹೇಳಿದ. ಕೂಪನ್ ಬೇರೆಯವರಿಗೆ ಕೊಟ್ಟದ್ದಕ್ಕೆ ಸವರಿಮುತ್ತುಗೆ ಮೆಮೋ ಕೊಟ್ಟರು. ಮೆಮೋ ಬರೆಯೋಕೆ ನನ್ನ ವರದಿ ಬೇಕಿತ್ತು, ನಾನು ಬರೆದುಕೊಟ್ಟೆ.

ವರಾಂಡದಲ್ಲಿ ಅವರನ್ನ ಹಿಡಿದುಕೊಂಡೆ. "ನಿಮಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಸವರಿಮುತ್ತು, ದೇವರಾಣೆ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಸಾರ್?" ಅಂದರು. ಧ್ವನಿ ಏರಿಸಲಿಲ್ಲ. "ಊಟ ಬಿಡೋದು ಏನು ಮಹಾ. ಮೊದಲ ದಿನ ಕೂಪನ್ ಇಡುವಾಗ ಅವನ ಶರ್ಟ್ ಹರಿದು ಬಿಸಾಕೋಣ ಅನ್ನಿಸಿತ್ತು. ಹತ್ತನೇ ದಿನ, ಉಂಡನೋ ಇಲ್ಲವೋ ಅಂತ ಕಿಟಕಿಯಿಂದ ಇಣುಕಿ ನೋಡಿದೆ. ಮೊನ್ನೆ ಅವನು ಎರಡನೇ ಸಲ ಅನ್ನ ಹಾಕಿಸ್ಕೊಂಡ. ನನಗೆ ಖುಷಿಯಾಯ್ತು ಸಾರ್! ಐದು ವರ್ಷದಲ್ಲಿ ಮೊದಲ ಸಲ ಅವನನ್ನ ನೋಡಿ ಖುಷಿಯಾಯ್ತು. ಇನ್ನು ಇಪ್ಪತ್ತು ದಿನ ಇತ್ತು. ಈಗ ನೋಡಿ, ಎಲ್ಲರ ಮುಂದೆ ಅವನಿಗೆ ಭಿಕ್ಷೆ ಹಾಕಿದ ಹಾಗಾಯ್ತು. ಸೇಡು ತೀರಿಸ್ಕೊಳ್ಳೋಕೆ ಕೂತಿದ್ರೂ ನನಗೆ ಇಷ್ಟು ಚೆನ್ನಾಗಿ ಹೊಳೀತಿರಲಿಲ್ಲ."

ನಾನೂ ಚಿಕ್ಕಂದಿನಿಂದ ಸೋಮವಾರ ಒಪ್ಪೊತ್ತು ಮಾಡೋನು. ನನ್ನ ಉಪವಾಸ ನನಗೂ ನನ್ನ ಲಿಂಗಕ್ಕೂ ಸೇರಿದ್ದು, ಅದರಲ್ಲಿ ಮೂರನೆಯವನಿಗೆ ಜಾಗ ಇದೆ ಅಂತ ಯಾವತ್ತೂ ಅನ್ನಿಸಿರಲಿಲ್ಲ. ತನ್ನ ಹೊಟ್ಟೆ ಖಾಲಿ ಇಟ್ಟುಕೊಂಡು ಆ ಜಾಗಕ್ಕೆ ತನಗೆ ಕಂಡರಾಗದವನನ್ನ ಕರ್ಕೊಂಡು ಬಂದು ಕೂರಿಸೋದೂ ಉಪವಾಸವೇ ಅಂತ ನನಗೆ ಆ ವರಾಂಡದಲ್ಲಿ ಗೊತ್ತಾಯ್ತು. ಕೆಡಿಸಿದ ಮೇಲೆ ಗೊತ್ತಾಯ್ತು.

ಭಾನುವಾರ ಎಸ್‌ಟಿಡಿ ಬೂತಿಗೆ ಹೋಗಲಿಲ್ಲ. ಪೆರುಮಾಳ್ ಮನೆ ವಿಚಾರಿಸಿಕೊಂಡು ತಿರುವೊಟ್ಟಿಯೂರಿಗೆ ಹೋದೆ. ಸಮುದ್ರದ ಕಡೆ ಒಂದು ಗಲ್ಲಿ. ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಇನ್ನೇನು ಬೇಕು ನಿಮಗೆ?" ಅಂದಳು. ಅವನು ಒಳಗಿಂದ ಎದ್ದು ಬಂದ. ತಪ್ಪು ನನ್ನದು, ಮ್ಯಾನೇಜರ್ ಹತ್ತಿರ ಮಾತಾಡ್ತೀನಿ, ವಾಪಸ್ ಬಾ ಅಂದೆ.

"ಕೆಲಸ ಸಿಗುತ್ತೆ ಸಾರ್, ಹಾರ್ಬರಲ್ಲಿ ಮೀನಿನ ಬುಟ್ಟಿ ಹೊರ್ತೀನಿ. ಅಣ್ಣನ ಮುಖ ನೋಡೋಕೆ ನನ್ನಿಂದಾಗಲ್ಲ. ಅವರು ನಾಲ್ಕು ಬಾರಿಸಿದ್ರೆ ತಡ್ಕೊಳ್ತಿದ್ದೆ. ಅವರ ಅನ್ನ ತಿಂದುಬಿಟ್ಟಿದ್ದೀನಲ್ಲ."

"ಅವರಿಗೆ ನಿನ್ನ ಮೇಲೆ ಈಗ ಕೋಪ ಇಲ್ಲಪ್ಪ."

"ಅದಕ್ಕೇ ಸಾರ್ ಆಗಲ್ಲ" ಅಂದ.

ಸವರಿಮುತ್ತು ತಾವೂ ಎರಡು ಸಲ ಹೋಗಿದ್ದರಂತೆ, ಅವನು ಹಿಂದಿನ ಬಾಗಿಲಿಂದ ಹೊರಟುಹೋದನಂತೆ. ಆ ಈಸ್ಟರಿಗೂ ಅವರು ಚರ್ಚಿನ ಬೆಂಚಿನಿಂದ ಏಳಲಿಲ್ಲ ಅಂತ ಫರ್ನೇಸಿನ ಇನ್ನೊಬ್ಬರಿಂದ ತಿಳೀತು. ನಾನು ಈಸ್ಟರಿನ ಮಾರನೇ ಸೋಮವಾರ ಎರಡೂಕಾಲಿಗೆ ಎರಡು ತಟ್ಟೆ ಇಡಿಸಿ ಕಾದೆ. ಬರಲಿಲ್ಲ. ಮನೆಯಿಂದ ಟಿಫಿನ್ ಡಬ್ಬಿ ತಂದು ಶೆಡ್ಡಿನಲ್ಲೇ ಉಣ್ಣೋಕೆ ಶುರು ಮಾಡಿದ್ದರು. ದಾರಿಯಲ್ಲಿ ಎದುರಾದರೆ "ವಣಕ್ಕಂ ಸಾರ್" ಅನ್ನೋರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಹತ್ತು ತಿಂಗಳು ಹೀಗೇ. ಆ ಹತ್ತು ತಿಂಗಳಲ್ಲಿ ಏನೇನು ಉಂಡೆ ಅಂತ ಕೇಳಿದರೆ ನನಗೆ ಒಂದು ಪದಾರ್ಥವೂ ನೆನಪಿಲ್ಲ.

ಆ ವರ್ಷವೇ ಕೂಪನ್ ಹೋಗಿ ಕಾರ್ಡ್ ಬಂತು. ಫೋಟೊ ಇರೋ ಕಾರ್ಡು, ಉಜ್ಜಿದರೆ ಕೀಂಯ್ ಅನ್ನೋ ಮಿಷಿನ್ನು. ಇನ್ನು ಯಾರೂ ಯಾರಿಗೂ ಊಟ ಕೊಡೋ ಹಾಗಿಲ್ಲ. ಮ್ಯಾನೇಜರ್ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು, ಇದಕ್ಕೆಲ್ಲ ಕಾರಣ ಇವರ ಎಚ್ಚರಿಕೆ ಅಂತ. ಎಲ್ಲಿ ಮುಖ ಇಟ್ಟುಕೊಳ್ಳಲಿ? ಬೇವಿನ ಮರದ ಕೆಳಗಿನವರು ಆಮೇಲೆ ನನ್ನ ಕಣ್ಣಿಗೆ ಬೀಳೋಕೆ ಶುರುವಾದರು. ಕಾಂಟ್ರಾಕ್ಟಿನವರಿಗೂ ಊಟ ಹಾಕೋಣ ಅಂತ ಮೂರು ಸಲ ಬರೆದುಕೊಟ್ಟೆ. ಮೂರು ಸಲವೂ ಫೈಲಿಗೆ ಹೋಯ್ತು. ತಂಗಿ ಮಗಳೇ, ನಿನ್ನ ಕ್ಯಾಂಟೀನಿನ ಗೋಡೆ ಆಚೆ ಯಾರಿದ್ದಾರೆ ಅಂತ ಒಂದು ಸಲ ಎದ್ದು ಹೋಗಿ ನೋಡು. ಕೆಲಸ ಕಲಿಯೋದಿದ್ದರೆ ಅಲ್ಲಿಂದ ಶುರು ಮಾಡು.

ಮತ್ತೆ ಆ ಬುಧವಾರ ಬಂತು. ಎರಡೂಕಾಲು. ನಾನು ತಟ್ಟೆ ಮುಂದೆ ಕೂತಿದ್ದೆ. ಸವರಿಮುತ್ತು ಒಳಗೆ ಬಂದರು. ಹಣೆ ಮೇಲೆ ಬೂದಿ. ಬಂದು ನನ್ನ ಎದುರಿನ ಬೆಂಚಿನ ಮೇಲೆ ಕೂತರು. ನನಗೆ ಹಿಡಿಸಲಾರದ ಸಂತೋಷ. ತಟ್ಟೆ ತರಿಸೋಕೆ ಏಳ್ತಿದ್ದೆ. "ಬೇಡ ಸಾರ್. ನೀವು ಉಣ್ಣಿ" ಅಂದರು. ನಾನು ಉಂಡೆ. ಒಂದು ಮಾತಿಲ್ಲ. ನಾನು ಮುಗಿಸಿದ ಮೇಲೆ ಎದ್ದು ಹೋದರು. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ ಹಾಗೇ. ಬರ್ತಾರೆ, ಕೂರ್ತಾರೆ, ಏನೂ ತಿನ್ನಲ್ಲ. ಕೆಲವು ದಿನ ನನ್ನ ಮುಖ ನೋಡೋರು, ಕೆಲವು ದಿನ ನೋಡೋಕಾಗದೆ ಗೋಡೆ ನೋಡೋರು. ಉಪವಾಸ ಇರೋನ ಎದುರು ಉಣ್ಣೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು.

ಹತ್ತನೇ ದಿನ ತಡೀಲಾರದೆ ಕೇಳಿದೆ: "ಸವರಿಮುತ್ತು, ಕಾರ್ಡ್ ಬಂದ ಮೇಲೆ ನಿಮ್ಮ ಊಟ ಯಾರಿಗೂ ಕೊಡೋಕಾಗಲ್ಲವಲ್ಲ. ಈ ಸಲ ಯಾರಿಗೆ ಹೋಗ್ತಿದೆ?"

"ಯಾರಿಗೂ ಇಲ್ಲ ಸಾರ್. ಈ ಸಲ ಫಾದರ್ ಬೇರೆ ಕೆಲಸ ಕೊಟ್ಟಿದ್ದಾರೆ."

"ಹೇಳಿದ್ರೆ ಕೆಡುತ್ತಾ?"

"ಇಲ್ಲ. ಹೋದ ಸಲ ಮರೆಯಲ್ಲಿ ಮಾಡಿದ್ದಕ್ಕೆ ಒಬ್ಬನ ಕೆಲಸ ಹೋಯ್ತು. ಅದಕ್ಕೆ ಈ ಸಲ ಎದುರಿಗೇ ಹೋಗಿ ಕೂತ್ಕೋ ಅಂದ್ರು."

"ಯಾರ ಎದುರಿಗೆ?"

ಅವರು ಗೋಡೆಯಿಂದ ಕಣ್ಣು ತಿರುಗಿಸಿದರು. ನನ್ನನ್ನೇ ನೋಡ್ತಾ ಕೂತಿದ್ದರು, ಕಷ್ಟಪಟ್ಟು. ಕಲಸಿದ ತುತ್ತು ನನ್ನ ಕೈಯಲ್ಲೇ ನಿಂತುಹೋಯ್ತು. ಪೆರುಮಾಳ್ ಮೇಲಿನ ವಿಷ ಇಳಿದು ವರ್ಷವಾಗಿತ್ತು. ಕಳೆದ ಈಸ್ಟರಿಗೆ ಅವರನ್ನ ಚರ್ಚಿನ ಬೆಂಚಲ್ಲೇ ಕೂರಿಸಿದ್ದು ಪೆರುಮಾಳ್ ಅಲ್ಲ, ನಾನು.

"ಆಗ್ತಾ ಇದೆಯಾ?" ಅಂತ ಕೇಳಿದೆ.

"ಇನ್ನೂ ಇಲ್ಲ ಸಾರ್" ಅಂದರು. "ಮೂವತ್ತು ದಿನ ಇದೆ. ಉಣ್ಣಿ, ಆರಿಹೋಗುತ್ತೆ."

ನಾನು ತಲೆ ತಗ್ಗಿಸಿ ಉಂಡೆ.